ಚೆನ್ನಾಗೇ ಇರೋ ಮಗಳನ್ನ ಮೂರು ತಿಂಗಳಿಗೊಮ್ಮೆ ಅಡ್ಮಿಟ್ ಮಾಡಿ ಅಂತಾರೆ, ಸಿಎಫ್ ಇರೋ ಮನೆಯೋರು ಯಾರಾದ್ರೂ ಹೇಳಿ

ಡೊಂಬಿವ್ಲಿ_ಅಪ್ಪ:

ನಮಸ್ಕಾರ ಎಲ್ರಿಗೂ. ನಾವು ಕುಂದಾಪುರ ಕಡೆಯೋರು, ನಾನು ಠಾಣೆಯಲ್ಲಿ ಹೋಟ್ಲಲ್ಲಿ ಮ್ಯಾನೇಜರ್, ಮನೆ ಡೊಂಬಿವ್ಲಿ. ಮಗಳಿಗೆ ಒಂಬತ್ತು ವರ್ಷ, ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್), ಹುಟ್ಟಿನಿಂದಲೇ ಬರೋ ಕಾಯಿಲೆ, ಕಫ ಗಟ್ಟಿಯಾಗಿ ಪುಪ್ಪುಸದಲ್ಲಿ ಕಟ್ಕೊಳ್ಳುತ್ತೆ. ಗೊತ್ತಾಗಿದ್ದು ಮೂರನೇ ವರ್ಷದಲ್ಲಿ, ಅಲ್ಲಿವರೆಗೆ ಒಬ್ರು ಅಸ್ತಮಾ ಅಂದ್ರು, ಇನ್ನೊಬ್ರು ಟಿಬಿ ಅಂತ ಆರು ತಿಂಗಳು ಮಾತ್ರೆ ನುಂಗಿಸಿದ್ರು, ಕೊನೆಗೆ ಬೆವರಿನ ಟೆಸ್ಟಲ್ಲಿ ಕ್ಲೋರೈಡ್ 98 ಬಂತು (60 ಅಥವಾ ಜಾಸ್ತಿ ಬಂದ್ರೆ ಸಿಎಫ್ ಅಂತಾರೆ).

ಈಗಿನ ವಿಷಯ ಏನಂದ್ರೆ ಕಳೆದ ವರ್ಷದಿಂದ ಕಫದ ಕಲ್ಚರ್‌ನಲ್ಲಿ ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಬರ್ತಾನೇ ಇದೆ, ಟೊಬ್ರಾಮೈಸಿನ್ ಆಂಟಿಬಯಾಟಿಕ್ ನೆಬ್ಯುಲೈಸರ್‌ನಲ್ಲಿ ಒಂದು ತಿಂಗಳು ಕೊಟ್ವಿ, ಹೋಯ್ತು, ಮತ್ತೆ ಬಂತು, ಮತ್ತೆ ಕೊಟ್ವಿ, ಈ ಸಲ ಹೋಗ್ಲೇ ಇಲ್ಲ. ಡಾಕ್ಟ್ರು ಈಗ ಮೂರು ತಿಂಗಳಿಗೊಮ್ಮೆ 14 ದಿನ ಅಡ್ಮಿಟ್ ಮಾಡಿ ಎರಡು ಆಂಟಿಬಯಾಟಿಕ್ ಐವಿ (ನೇರ ನರಕ್ಕೆ) ಕೊಡೋಣ ಅಂತಿದಾರೆ, ಜ್ವರ ಇರ್ಲಿ ಬಿಡ್ಲಿ. ವರ್ಷಕ್ಕೆ 56 ದಿನ ಆಸ್ಪತ್ರೆ! ಅವ್ಳು ಈಗ ಓಡ್ತಾಳೆ, ಆಡ್ತಾಳೆ, ಬೆಳಿಗ್ಗೆ ಹೊತ್ತು ಕೆಮ್ಮು ಬಿಟ್ರೆ ಏನಿಲ್ಲ. ಅಮ್ಮ ಊರಿಂದ ಫೋನಲ್ಲಿ "ಜ್ವರ ಇಲ್ದಿದ್ ಹೆಣ್ಣಿಗ್ ಸೂಜಿ ಚುಚ್ಸುದ್ ಎಂತಕ್ಕ್ ಮಾರಾಯಾ" ಅಂತ ಬೈತಾರೆ, ನಂಗೆ ಉತ್ರ ಗೊತ್ತಿಲ್ಲ. ಇನ್ಶುರೆನ್ಸ್‌ನವರು ಬೇರೆ, ಕಾಯಿಲೆ ಜೋರಾಗದೆ ಅಡ್ಮಿಶನ್ ಯಾಕೆ ಅಂತ ಕ್ಯಾಶ್‌ಲೆಸ್ ತಿರಸ್ಕಾರ ಮಾಡಿದ್ರು. ಇದು ನಿಜವಾಗ್ಲೂ ಬೇಕಾ, ಮಾಡಿಸಿದೋರು ಹೇಳಿ ಪ್ಲೀಸ್.

ಧಾರವಾಡದಾಕಿ_ಪುಣೆ:

ಅಣ್ಣಾರ, ಗಾಬ್ರಿ ಆಗಬ್ಯಾಡ್ರಿ. ನಮ್ಮ ಮಗಾ ಈಗ ಹದಿನಾರು, ಎಂಟನೇ ವರ್ಷದಿಂದ ನಾವು ಇದನ್ನ ಮಾಡಸ್ಕೋತ ಬಂದೀವಿ, ಇಲ್ಲೆ ಪುಣೆದಾಗ. ನಮ್ಮ ಅತ್ತಿ ಸುದ್ದಾ ಹಿಂಗ ಅಂತಿದ್ರು. ಜ್ವರ ಬರಲಿಲ್ಲ ಅಂದ್ರ ಹುಳಾ ಸುಮ್ಮನ ಕುಂತದ ಅಂತ ಅಲ್ರಿ, ಸಿಎಫ್‌ನಾಗ ಕಫಾ ಅಂಟಿನ್ಹಂಗ ಗಟ್ಟಿ, ಅದರಾಗ ಸೂಡೊಮೊನಾಸ್ ತನ್ನ ಸುತ್ತ ಲೋಳಿ ಗೋಡಿ ಕಟ್ಟಕೊಂಡು ಮನಿ ಮಾಡ್ತದ, ಒಮ್ಮೆ ಕಾಯಂ ಆತಂದ್ರ ಪೂರಾ ಹೋಗೂದು ಬಾಳ ಕಷ್ಟ, ಸಂಖ್ಯಾ ಕಡಿಮಿ ಮಾಡಿ ಇಟ್ಟಕೋಬೇಕು ಅಷ್ಟ. ಗೊತ್ತಾಗದಂಗ ಪುಪ್ಪುಸ ಸವೀತಿರ್ತದ.

ಇನ್ಶುರೆನ್ಸ್ ಮಾತು ಮೊದಲ ಹೇಳಿಬಿಡ್ತೀನಿ, ಯಾಕಂದ್ರ ನಾವೂ ಎರಡು ಸಲ ಅದರಾಗ ಸಿಕ್ಕೊಂಡೀವಿ. ನಮ್ಮ ಪಾಲಿಸಿಯವರೂ "ಮಾತ್ರೆದಾಗ ಆಗೂದಕ್ಕ ಅಡ್ಮಿಶನ್ ಯಾಕ" ಅಂದಿದ್ರು. ಆಮೇಲೆ ಡಾಕ್ಟರ್ ಕಡಿಂದ ಪತ್ರ ಬರಸಿದ್ವಿ, ಈ ಹುಳಕ್ಕ ಬಾಯಾಗ ತಗೊಳೂ ಔಷಧ ಅಂದ್ರ ಸಿಪ್ರೊಫ್ಲಾಕ್ಸಾಸಿನ್ ಜಾತಿದು ಒಂದ, ಅದಕ್ಕ ಇವನ ಹುಳಾ ಬಗ್ಗಂಗಿಲ್ಲ, ಉಳದವು ಎಲ್ಲಾ ಐವಿನೇ ಅಂತ. ಜೋಡಿಗೆ ಕಲ್ಚರ್ ರಿಪೋರ್ಟು, ಹಿಂದಿನ ಪಿಎಫ್‌ಟಿ (ಪುಪ್ಪುಸದ ಶಕ್ತಿ ಅಳಿಯೂ ಊದೂ ಟೆಸ್ಟ್) ಎಲ್ಲಾ ಹಚ್ಚಿದ್ವಿ. ಕ್ಯಾಶ್‌ಲೆಸ್ ಆಗಲಿಲ್ಲ, ಆದ್ರ ಬಿಲ್ ಕಳಿಸಿದ ಮ್ಯಾಲೆ ಬಹಳಷ್ಟು ರೊಕ್ಕಾ ಬಂತು.

ಇನ್ನೊಂದು, ಹದಿನಾಲ್ಕು ದಿನಕ್ಕ ಕೈಗೆ ಇಂಟ್ರಾಕ್ಯಾಥ್ ಹಾಕಸಬ್ಯಾಡ್ರಿ. ಎರಡ ದಿನಕ್ಕ ನರಾ ಬಾತು ಮತ್ತ ಚುಚ್ಚತಾರ, ನಮ್ಮ ಹುಡುಗ ಮೂರನೇ ಅಡ್ಮಿಶನ್‌ದಾಗ ನರ್ಸ್ ಬಂದ್ರ ಮಂಚದ ಕೆಳಗ ಹೊಕ್ಕೋತಿದ್ದ. ಪಿಕ್ ಲೈನ್ ಕೇಳ್ರಿ, ತೋಳಿನಾಗಿಂದ ಎದಿತನಾ ಹೋಗೂ ಸಣ್ಣ ನಳಿಗಿ, ಒಮ್ಮೆ ಹಾಕಿದ್ರ ಪೂರಾ ಕೋರ್ಸ್ ಮುಗೀತದ.

ಮಡಗಾಂವ್_ಮಳೆ:

ನಾನು ಸಿಎಫ್ ಪೇಷಂಟೇ, 26 ವರ್ಷ, ಮೂಲ ಅಂಕೋಲಾ, ಇರೋದು ಮಡಗಾಂವ್. ಸ್ವಲ್ಪ ಬೇರೆ ಮಾತು ಹೇಳ್ತೇನೆ, ತಪ್ಪು ತಿಳೀಬೇಡಿ.

ನಿಮ್ಮ ಡಾಕ್ಟ್ರು ಹೇಳಿದ್ದು ಡೆನ್ಮಾರ್ಕ್ ಪದ್ಧತಿ. ಕೋಪನ್‌ಹೇಗನ್‌ನ ಸಿಎಫ್ ಸೆಂಟರ್‌ನಲ್ಲಿ 1976ರಿಂದ ಸೂಡೊಮೊನಾಸ್ ಕಾಯಂ ಕೂತವರಿಗೆಲ್ಲ ಕೆಮ್ಮು ಜೋರಾಗೋದನ್ನ ಕಾಯದೆ ಮೂರು ತಿಂಗಳಿಗೊಮ್ಮೆ ಎರಡು ವಾರ ಐವಿ ಕೊಡೋಕೆ ಶುರು ಮಾಡಿದ್ರು, ಅಲ್ಲಿ ಬದುಕೋರ ಪ್ರಮಾಣ ಚೆನ್ನಾಗಿ ಏರಿತು. ಆದ್ರೆ ಅದು ಹಳೇ ವರ್ಷಗಳ ಜೊತೆ ಹೋಲಿಸಿದ್ದು. ಬ್ರಿಟನ್ನಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ 60 ಜನರನ್ನ ಮೂರು ವರ್ಷ ನೋಡಿದ್ರು, 2000ದಲ್ಲಿ ಬಂತು ಆ ಪೇಪರ್, ನಿಯಮಿತವಾಗಿ ಕೊಟ್ಟವರಿಗೂ ಜೋರಾದಾಗ ಮಾತ್ರ ಕೊಟ್ಟವರಿಗೂ ಪುಪ್ಪುಸದ ಶಕ್ತಿಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಅದಕ್ಕೂ ಒಂದು ತಕರಾರು ಇದೆ, ಎರಡನೇ ಗುಂಪಿನವರಿಗೂ ವರ್ಷಕ್ಕೆ ಮೂರು ಸಲದ ಹತ್ರ ಐವಿ ಬೇಕಾಯ್ತು, ಹಾಗಾಗಿ ಹೋಲಿಕೆಗೆ ಉಳಿದಿದ್ದೇ ಕಡಿಮೆ. ಅಂದ್ರೆ ಡಾಕ್ಟ್ರು ಸುಮ್ನೆ ಹೇಳ್ತಿಲ್ಲ, ಆದ್ರೆ ಕಲ್ಲಲ್ಲಿ ಕೆತ್ತಿದ ಮಾತೂ ಅಲ್ಲ.

ನಾನು ಹದಿನೆಂಟರವರೆಗೆ ಕ್ಯಾಲೆಂಡರ್ ನೋಡಿ ಅಡ್ಮಿಟ್ ಆಗ್ತಿದ್ದೆ. ಮಾಂಡೋವಿ ಎಕ್ಸ್‌ಪ್ರೆಸ್ಸಲ್ಲಿ ನೆಬ್ಯುಲೈಸರ್ ಡಬ್ಬಿ ತೊಡೆ ಮೇಲೆ ಇಟ್ಕೊಂಡು ಮುಂಬೈಗೆ, ವರ್ಷಕ್ಕೆ ನಾಲ್ಕು ಸಲ, ರತ್ನಾಗಿರಿ ಬಂದ್ರೆ ಅಪ್ಪ ವಡಾ ಪಾವ್ ಕೊಡಿಸ್ತಿದ್ದ, ಕ್ರಿಯಾನ್ ಕ್ಯಾಪ್ಸೂಲ್ ನುಂಗಿ ತಿನ್ನೋದು, ಇಲ್ಲಾಂದ್ರೆ ಎಣ್ಣೆ ಅರಗೋದಿಲ್ಲ ನಮಗೆ. ಅಲ್ಲಿ ಐವಿಯಲ್ಲಿ ಕೊಡ್ತಿದ್ದ ಅಮಿಕಾಸಿನ್, ಟೊಬ್ರಾಮೈಸಿನ್ ಈ ಗುಂಪಿನ ಔಷಧಿ ಕಿವಿಯೊಳಗಿನ ಕೂದಲ ಕೋಶಗಳನ್ನ ಸಾಯಿಸುತ್ತೆ, ಸತ್ತದ್ದು ಮತ್ತೆ ಹುಟ್ಟೋದಿಲ್ಲ, ಮೊದಲು ಹೋಗೋದು ತೀರಾ ಎತ್ತರದ ಸದ್ದು. ನಂಗೆ ಯಾರೂ ಕಿವಿ ಟೆಸ್ಟ್ ಮಾಡಿರಲಿಲ್ಲ. ಒಂದು ಮಳೆಗಾಲ ಮನೆಯವರೆಲ್ಲ ಜೀರುಂಡೆ ಗಲಾಟೆ ತಡೆಯೋಕಾಗಲ್ಲ ಅಂತಿದ್ರು, ನಾನು ಯಾವ ಜೀರುಂಡೆ ಅಂದೆ. ಈಗ ತಲೆಯೊಳಗೇ ಒಂದು ಜೀರುಂಡೆ ವರ್ಷವಿಡೀ ಕೂಗ್ತಾ ಇರುತ್ತೆ.

ಅದಕ್ಕೇ ಹೇಳೋದು, ಮಾಡಿಸಿ, ಆದ್ರೆ ಮೊದಲನೇ ಅಡ್ಮಿಶನ್‌ಗೂ ಮುಂಚೆ ಆಡಿಯೋಮೆಟ್ರಿ (ಕಿವಿ ಟೆಸ್ಟ್) ಮಾಡಿಸಿ ಇಟ್ಕೊಳ್ಳಿ, ಆಮೇಲೆ ವರ್ಷಕ್ಕೊಮ್ಮೆಯಾದ್ರೂ. ಕೋರ್ಸ್ ನಡುವೆ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ಮತ್ತೆ ರಕ್ತದಲ್ಲಿ ಔಷಧಿ ಮಟ್ಟ ನೋಡ್ತಾರಾ ಕೇಳಿ. ನಾನೀಗ ಪಿಎಫ್‌ಟಿಯಲ್ಲಿ ಎಫ್‌ಇವಿ1 (ಮೊದಲ ಸೆಕೆಂಡಲ್ಲಿ ಊದಿ ಹೊರಹಾಕೋ ಗಾಳಿ) ಇಳಿದ್ರೆ, ತೂಕ ಇಳಿದ್ರೆ ಮಾತ್ರ ಹೋಗ್ತೇನೆ. ನಂಗೆ ಅದು ಸರಿಹೋಗಿದೆ. ಒಂಬತ್ತು ವರ್ಷದ ಮಗುಗೆ ಸರಿಹೋಗ್ಲೇಬೇಕು ಅಂತಿಲ್ಲ.

ಮುಲುಂಡ್_ಫಿಸಿಯೋ:

ಮೇಲಿನವರು ಇಬ್ರೂ ಔಷಧಿ ಬಗ್ಗೇನೇ ಹೇಳಿದ್ರು, ನನ್ನ ಹೊಟ್ಟೆಪಾಡಿನ ಮಾತು ನಾನು ಹೇಳ್ಲೇಬೇಕಲ್ಲ :) ಮುಂಬೈಯಲ್ಲಿ ಮಳೆಗೆ ಮುಂಚೆ ನಾಲಾ ಸಫಾಯಿ ಮಾಡ್ತಾರಲ್ಲ, ನೀರು ನಿಂತ ಮೇಲೆ ಹೂಳು ತೆಗೀತೀನಿ ಅಂದ್ರೆ ಆಗುತ್ತಾ? ಅಜ್ಜಿಗೆ ಹಾಗೇ ಹೇಳಿ. ಆದ್ರೆ ಹೂಳು ಎತ್ತದೆ ಬರೀ ಔಷಧಿ ಸುರಿದ್ರೂ ಪ್ರಯೋಜನ ಇಲ್ಲ. ಆ ಹದಿನಾಲ್ಕು ದಿನ ಹೈಪರ್‌ಟಾನಿಕ್ ಸಲೈನ್ (ಗಾಢ ಉಪ್ಪುನೀರು) ನೆಬ್ಯುಲೈಸ್ ಮಾಡಿ, ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಎದೆ ಫಿಸಿಯೋ ಆಗ್ಬೇಕು, ಭಾನುವಾರಾನೂ. ಎಷ್ಟೋ ಕಡೆ ದಿನಕ್ಕೊಮ್ಮೆ ಬಂದು ಬೆನ್ನು ತಟ್ಟಿ ಹೋಗ್ತಾರೆ, ಜಗಳ ಆಡಿ ಕೇಳಿ. ವಾರ್ಡಿನಲ್ಲಿ ಅವ್ಳನ್ನ ಮಲಗಿಸಿ ಇಡ್ಬೇಡಿ, ಮೆಟ್ಟಿಲು ಹತ್ತಿಸಿ, ಕಾರಿಡಾರಲ್ಲಿ ಚೆಂಡಾಟ ಆಡ್ಸಿ.

ಹಾಂ, ಅದೇ ವಾರ್ಡಿನಲ್ಲಿ ಬೇರೆ ಸಿಎಫ್ ಮಗು ಇದ್ರೆ ಜೊತೆ ಮಾಡಿಸ್ಬೇಡಿ. ಕಲ್ಲುಮನಸ್ಸು ಅನ್ಸುತ್ತೆ ಗೊತ್ತು, ಆದ್ರೆ ಒಬ್ರ ಹುಳ ಇನ್ನೊಬ್ರಿಗೆ ಹರಡುತ್ತೆ, ಎರಡು ಮೀಟರ್ ದೂರ, ಬೇರೆ ರೂಮ್ ಆದ್ರೆ ಇನ್ನೂ ಒಳ್ಳೇದು.

ಡೊಂಬಿವ್ಲಿ_ಅಪ್ಪ:

ಎಲ್ರಿಗೂ ಥ್ಯಾಂಕ್ಸ್. ಜೀರುಂಡೆ ವಿಷಯ ಓದಿ ಹೆಂಡ್ತಿ ಅತ್ಲು, ಆದ್ರೆ ಇವತ್ತೇ ಫೋನ್ ಮಾಡಿ ಆಡಿಯೋಮೆಟ್ರಿಗೆ ಅಪಾಯಿಂಟ್‌ಮೆಂಟ್ ತಗೊಂಡ್ಲು. ಡಾಕ್ಟ್ರ ಹತ್ರಾನೂ ಕೇಳಿದೆ, ಈ ಸಲ ಮಾಡಿ ಆಮೇಲೆ ಪಿಎಫ್‌ಟಿ, ತೂಕ ನೋಡಿ ಮುಂದಿನದು ಮೂರು ತಿಂಗಳಿಗೋ ಆರು ತಿಂಗಳಿಗೋ ಅಂತ ಕೂತು ಮಾತಾಡೋಣ ಅಂದ್ರು. ಚೌತಿ ಮುಗಿದ ಮಾರನೇ ದಿನ ಅಡ್ಮಿಟ್. ಒಂದು ವಾರ ಆದ್ಮೇಲೆ ಉಳಿದದ್ದು ಮನೇಲಿ ಕೊಡೋಕಾಗುತ್ತಾ? ಮತ್ತೆ ಆ ಪಿಕ್ ಲೈನ್ ಇದ್ರೆ ಸ್ನಾನ ಹೇಗೆ?

ಧಾರವಾಡದಾಕಿ_ಪುಣೆ:

ಮನ್ಯಾಗ ಕೊಡಬಹುದ್ರಿ, ನಾವು ಈಗ ಹಂಗ ಮಾಡ್ತೀವಿ. ಮೊದಲ ಡೋಸ್‌ಗಳು ಮಾತ್ರ ಆಸ್ಪತ್ರಿದಾಗ ಆಗಬೇಕು, ಅಲರ್ಜಿ ಆದ್ರ ಅಂತ. ಸೆಫ್ಟಾಜಿಡೈಮ್ ಅನ್ನೂ ಐವಿ ಆಂಟಿಬಯಾಟಿಕ್ ಎಂಟು ತಾಸಿಗೊಮ್ಮೆ, ಅಂದ್ರ ರಾತ್ರಿ ಎದ್ದು ಕೊಡೂದು ನಿಮ್ಮ ಪಾಲಿಗೆ, ಹೋಟ್ಲ ಕೆಲಸಾ ಮುಗಿಸಿ ಬಂದಾಂವ ನಿದ್ದಿಗಣ್ಣಾಗ ಔಷಧ ಕಲಸಬ್ಯಾಡ್ರಿ, ಮೊದಲನೇ ಸಲ ಪೂರಾ ಅಲ್ಲೇ ಮುಗಸ್ರಿ, ನರ್ಸ್ ಮಾಡೂದು ನೋಡಿ ಕಲೀರಿ. ಸ್ನಾನಕ್ಕ ಅಡಗಿ ಮನ್ಯಾಗ ಸುತ್ತೂ ಪ್ಲಾಸ್ಟಿಕ್ ಹಾಳಿ ಬರ್ತದಲ್ಲ, ಅದನ್ನ ತೋಳಿಗೆ ಸುತ್ತಿ ಮ್ಯಾಲೆ ಕೆಳಗ ಟೇಪ್ ಹಚ್ಚರಿ, ಆ ಕೈ ಹೊರಗ ಹಿಡದು ತಂಬಿಗಿಲೆ ನೀರು ಹಾಕ್ರಿ. ಊಟ ಮನಿಂದ ಒಯ್ರಿ, ಆಸ್ಪತ್ರಿ ಗಂಜಿಗೆ ಈ ಮಕ್ಕಳ ತೂಕಾ ಏರಂಗಿಲ್ಲ, ತುಪ್ಪಾ ಮರೀಬ್ಯಾಡ್ರಿ, ಕ್ಯಾಪ್ಸೂಲಂತೂ ಮರೀಲೇಬ್ಯಾಡ್ರಿ.

ಮಡಗಾಂವ್_ಮಳೆ:

ಮೊಬೈಲ್ ಚಾರ್ಜರ್ ವಯರ್ ಉದ್ದದ್ದು ಒಯ್ಯಿ. ಮಂಚದ ಹತ್ರ ಪ್ಲಗ್ ಇರೋದೇ ಇಲ್ಲ.