ಸಹಾಯ ಬೇಕು: ಎರಡು ಸಣ್ಣ ಏರ್‌ಪೋರ್ಟ್ ನಡುವಿನ ಹಾರಾಟದ ಸಮಯ ಲೆಕ್ಕ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಲ್ಲೋ ಮೂಲೆಯಲ್ಲಿರುವ ಎರಡು ಸಣ್ಣ ಏರ್‌ಪೋರ್ಟ್ ನಡುವೆ ಚಾರ್ಟರ್ ವಿಮಾನದಲ್ಲಿ ಹೋಗುವ ಯೋಚನೆ ಇದೆ. ನೇರ ವಿಮಾನ ಇಲ್ಲ, ಹಾಗಾಗಿ ವೇಳಾಪಟ್ಟಿ ನೋಡಿ ತಿಳಿಯುವ ಹಾಗೂ ಇಲ್ಲ.

ಅಕ್ಷಾಂಶ, ರೇಖಾಂಶ ಹಾಕಿ ನೋಡಿದರೆ ಅತಿ ಹತ್ತಿರದ ದಾರಿ 227 ನಾಟಿಕಲ್ ಮೈಲಿ ಬರುತ್ತದೆ. ಒಂದಕ್ಕೆ 1.852 ಕಿ.ಮೀ. ಅಂದ್ರೆ ಸುಮಾರು 420 ಕಿ.ಮೀ. ನಾವು ನೋಡುತ್ತಿರುವ ಒಂಬತ್ತು ಸೀಟಿನ ಪ್ರೊಪೆಲ್ಲರ್ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕೆ 50 ನಿಮಿಷ. ಆದರೆ ಇದು ಬರೀ ಕಾಗದದ ಲೆಕ್ಕ ಅಲ್ವಾ? ರನ್‌ವೇ ತನಕ ಉರುಳಬೇಕು, ಮೇಲೇರುವಾಗ ವೇಗ ಕಡಿಮೆ, ಇಳಿಯುವ ಮುಂಚೆ ಸುತ್ತು ಹಾಕಬೇಕಾಗಬಹುದು. 80 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ಹಾರಾಟವೇ ಒಂದು ಗಂಟೆ ಆಯ್ತು.

ಇದಕ್ಕೆಲ್ಲ 20 ನಿಮಿಷ ಸೇರಿಸಿದರೆ ಸಾಕಾ, ಜಾಸ್ತಿ ಬೇಕಾ? ಇನ್ನೊಂದು, ಇದೇ ನನಗೆ ದೊಡ್ಡ ತಲೆನೋವು: ಇಳಿಯುವ ಕಡೆ ಇಂಧನ ಸಿಗದಿದ್ದರೆ ವಾಪಸ್ ಬರೋದಕ್ಕೂ ಇಲ್ಲಿಂದಲೇ ತುಂಬಿಸಿಕೊಂಡು ಹೋಗಬೇಕು. ಆಗ ಭಾರ ಜಾಸ್ತಿ ಆಗುವುದರಿಂದ ಈ ಒಂಬತ್ತು ಸೀಟಿನ ವಿಮಾನದಲ್ಲಿ ಎಷ್ಟು ಸೀಟು ಖಾಲಿ ಬಿಡಬೇಕಾಗುತ್ತದೆ? ಅಲ್ಲಿನ ರನ್‌ವೇಗೆ ರಾತ್ರಿ ದೀಪವೂ ಇಲ್ಲ, ಕತ್ತಲಾಗುವ ಮುಂಚೆ ಹೊರಡಲೇಬೇಕು. ಸುಮ್ನೆ ಅಂದಾಜು ಬೇಡ, ಇಂಥ ಕಡೆ ವಿಮಾನ ಹಾರಿಸಿದವರು ಅಥವಾ ಚಾರ್ಟರ್ ಮಾಡಿದವರು ಇದ್ದರೆ ಹೇಳಿ.