ಊದಿದ ಬೆರಳು: ಬರೀ ಉಗುರುಸುತ್ತೋ, ಟೆಂಡನ್ ಕವಚದ ಕೀವೋ?

ತಾಲ್ಲೂಕು_ಓಪಿಡಿ:
ಅಡಿಕೆ ಸುಲಿತ ಶುರುವಾದರೆ ಸಿಬಿರು ಚುಚ್ಚಿ ಬೆರಳು ಊದಿಸಿಕೊಂಡವರು ಸಾಲಾಗಿ ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಹೆಸರು, ಉಗುರುಸುತ್ತು. ಅರ್ಧ ಜನರ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿರುತ್ತದೆ. 'ಬಲಿಯಲಿ, ಆಮೇಲೆ ಕೊಯ್ಯೋಣ' ಅನ್ನುವ ರೂಢಿ ಯಾವಾಗ ಅಪಾಯ? ಕೀವು ಟೆಂಡನ್ (ಬೆರಳು ಮಡಚುವ ಸ್ನಾಯುರಜ್ಜು) ಸುತ್ತಲಿನ ಕವಚಕ್ಕೆ ಇಳಿದಿದೆಯೋ ಇಲ್ಲವೋ ಕೈ ಮುಟ್ಟಿಯೇ ಹೇಗೆ ತಿಳಿಯುವುದು? ಕೈ ಸರ್ಜನ್ ಇರುವ ಊರು ಎರಡು ಗಂಟೆ ದಾರಿ.

ರಜ್ಜು_ರಾಟೆ:
ಮೊದಲು ನಿಂಬೆಹಣ್ಣು ತೆಗೆಸಿ, ತೊಳೆದು ಒಣಗಿಸಿ. ನೆನೆದು ಬೆಳ್ಳಗಾದ ಚರ್ಮದಲ್ಲಿ ಕೀವು ಎಲ್ಲಿ ಮುಖ ಮಾಡಿದೆ ಅನ್ನುವುದೇ ಕಾಣದು.

ಉಗುರಿನ ಅಂಚಲ್ಲಷ್ಟೇ ಕೀವಿದ್ದರೆ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಸಾಕು. ತುದಿಯಲ್ಲಿ ಗುಂಪುಗುಂಪಾಗಿ ತಿಳಿನೀರಿನ ಗುಳ್ಳೆ ಎದ್ದಿದ್ದು, ತುದಿಯ ಮಾಂಸ ಒತ್ತಿದರೆ ಮೆತ್ತಗೇ ಇದ್ದರೆ ಅದು ಹರ್ಪಿಸ್ ಎಂಬ ವೈರಸ್ ಸೋಂಕು. ಕೊಯ್ಯಲೇಬೇಡಿ, ಕೊಯ್ದರೆ ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಟ್ಟಂತೆ.

ಕವಚದ ಸೋಂಕಿಗೆ ಚಿಕಾಗೋದ ಸರ್ಜನ್ ಅಲೆನ್ ಕನಾವೆಲ್ ಹೆಸರಿನ ನಾಲ್ಕು ಲಕ್ಷಣಗಳು: ಇಡೀ ಬೆರಳು ಒಂದೇ ಸಮ ಊದಿರುವುದು, ತುಸು ಮಡಚಿಕೊಂಡೇ ಇರುವುದು, ಕವಚದ ಉದ್ದಕ್ಕೂ ಒತ್ತಿದರೆ ನೋವು, ನಾವೇ ಬೆರಳು ಬಿಡಿಸಿದರೆ ಪ್ರಾಣ ಹೋಗುವ ನೋವು. ಕೊನೆಯದು ಸಾಮಾನ್ಯವಾಗಿ ಬೇಗ ಕಾಣಿಸಿಕೊಳ್ಳುತ್ತದೆ. ಪರೀಕ್ಷಿಸುವಾಗ ಊದಿದ ಜಾಗ ಹಿಡಿಯದೆ ಉಗುರನ್ನಷ್ಟೇ ಹಿಡಿದು ಎತ್ತಿ. ಹಿಡಿತದ ನೋವನ್ನೇ ಲಕ್ಷಣ ಅಂದುಕೊಳ್ಳುವುದು ಮಾಮೂಲಿ ತಪ್ಪು. ನಿಮ್ಮ ಬೆರಳಿನಿಂದ ಅವರ ಅಂಗೈಯಲ್ಲಿ ಬೆರಳ ಬುಡಕ್ಕೆ ಹತ್ತಿರದ ಗೆರೆಯ ಬಳಿ ಒತ್ತಿ ನೋಡಿ. ಸಿಬಿರು ಚುಚ್ಚಿದ ಜಾಗದಿಂದ ಅಷ್ಟು ದೂರದಲ್ಲೂ ನೋವಿದ್ದರೆ ನಾನು ಕವಚ ಅಂತಲೇ ಹಿಡಿಯುತ್ತೇನೆ.

ಇಲ್ಲಿ ಬಲಿಯುವುದನ್ನು ಕಾಯುವಂತಿಲ್ಲ. ಕವಚ ಮುಚ್ಚಿದ ಕೊಳವೆ. ಒಳಗೆ ಒತ್ತಡ ಏರಿದರೆ ಟೆಂಡನ್ನಿಗೆ ರಕ್ತ ಹೋಗುವುದು ನಿಂತು ಅದೇ ಕೊಳೆಯುತ್ತದೆ, ಹೊರಗೆ ಮೆತ್ತಗಾಗುವುದೇ ಇಲ್ಲ. ಕಿರುಬೆರಳು, ಹೆಬ್ಬೆರಳಿನ ಕವಚಗಳು ಮಣಿಕಟ್ಟಿನವರೆಗೂ ಹೋಗುವುದರಿಂದ ಒಂದರ ಕೀವು ಇನ್ನೊಂದಕ್ಕೆ ಕುದುರೆ ಲಾಳದಂತೆ ಸುತ್ತಿ ಬರಬಹುದು.

ಹಸ್ತ_ಥಿಯೇಟರ್:
ಮೊದಲ 24 ಗಂಟೆಯೊಳಗೆ ಬಂದು, ಲಕ್ಷಣ ಸೌಮ್ಯವಾಗಿದ್ದರೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಟ್ಟು, ಸ್ಪ್ಲಿಂಟ್ (ಅಲುಗದಂತೆ ಹಿಡಿಯುವ ಪಟ್ಟಿ) ಕಟ್ಟಿ, ಕೈ ಎತ್ತಿಟ್ಟು ನೋಡಬಹುದು. 12ರಿಂದ 24 ಗಂಟೆಯಲ್ಲಿ ಇಳಿಯದಿದ್ದರೆ ಥಿಯೇಟರಿಗೆ. ಸಕ್ಕರೆ ಕಾಯಿಲೆಯವರಿಗೆ ಈ ಸಡಿಲಿಕೆ ಬೇಡ. ಅವರಲ್ಲಿ ನೋವು ಕಮ್ಮಿ, ಹಾನಿ ಜಾಸ್ತಿ.

ಥಿಯೇಟರಿನಲ್ಲಿ ಟೂರ್ನಿಕೆ (ರಕ್ತ ಹರಿವು ತಡೆಯುವ ಪಟ್ಟಿ) ಕಟ್ಟುವ ಮೊದಲು ಕೈಯನ್ನು ಎತ್ತಿ ಹಿಡಿದರೆ ಸಾಕು. ರಬ್ಬರ್ ಪಟ್ಟಿ ಸುತ್ತಿ ರಕ್ತ ಹಿಂಡಿದರೆ ಕೀವನ್ನೂ ಮೇಲಕ್ಕೆ ಹಿಂಡಿದಂತೆ. ಅಂಗೈಯಲ್ಲಿ ಒಂದು ಸಣ್ಣ ಗಾಯ ಮಾಡಿ ಎ1 ಪುಲ್ಲಿ (ಟೆಂಡನ್ನನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಗಳಲ್ಲಿ ಒಂದು) ಬಿಡಿಸಿ. ಬೆರಳ ಕೊನೆಯ ಗಂಟಿನ ಪಕ್ಕದಲ್ಲಿ ಇನ್ನೊಂದು ಗಾಯ ಮಾಡಿ ಕವಚದ ತುದಿ ತೆರೆಯಿರಿ. ಪಕ್ಕದಲ್ಲಿ ಕೊಯ್ಯುವ ಗೆರೆ ಸಿಗಬೇಕಾದರೆ ಬೆರಳು ಮಡಚಿ, ಮಡಿಕೆಗಳ ಕೊನೆಗೆ ಚುಕ್ಕಿ ಇಟ್ಟು ಸೇರಿಸಿ. ನರ, ರಕ್ತನಾಳ ಅದಕ್ಕಿಂತ ಅಂಗೈ ಕಡೆ ಇರುತ್ತವೆ. ಎ2, ಎ4 ಪುಲ್ಲಿ ಮುಟ್ಟಬೇಡಿ, ಹೋದರೆ ಟೆಂಡನ್ ಬಿಲ್ಲಿನ ಹೆದೆಯಂತೆ ಎದ್ದು ನಿಲ್ಲುತ್ತದೆ.

ಅಂಗೈ ಕಡೆಯಿಂದ 16 ಗೇಜ್ ಕ್ಯಾನುಲಾ ಅಥವಾ 5 ಫ್ರೆಂಚ್ ಫೀಡಿಂಗ್ ಟ್ಯೂಬ್ (ಎರಡೂ ಸಪೂರ ಕೊಳವೆ; ಗೇಜ್, ಫ್ರೆಂಚ್ ಅವುಗಳ ದಪ್ಪದ ಅಳತೆ) 1.5ರಿಂದ 2 ಸೆಂ.ಮೀ. ತೂರಿಸಿ, ತುದಿಯಿಂದ ತಿಳಿಯಾಗಿ ಬರುವ ತನಕ ಸಲೈನ್ ಹಾಯಿಸಿ. ತುದಿಯಿಂದ ನೀರು ಬಾರದಿದ್ದರೆ ಸಿರಿಂಜ್ ಒತ್ತುವುದನ್ನು ಅಲ್ಲಿಗೇ ನಿಲ್ಲಿಸಿ. ಸಲೈನ್ ಸುತ್ತಲಿನ ಮಾಂಸಕ್ಕೆ ನುಗ್ಗಿ ಬೆರಳು ಬಿಗಿದು ಬಿಳಿಚಿಕೊಳ್ಳುತ್ತದೆ, ಹಾಗೇ ಬೆರಳು ಕಳೆದುಕೊಳ್ಳುವುದೂ ಉಂಟು.

ತಾಲ್ಲೂಕು_ಓಪಿಡಿ:
ಬೆರಳ ತುದಿಯ ತಿರುಳಿನಲ್ಲಷ್ಟೇ ಇರುವ ಕೀವು ನಾವೇ ತೆಗೆಯಬಹುದಲ್ಲ?

ರಜ್ಜು_ರಾಟೆ:
ಖಂಡಿತ. ಕೀವು ಮುಖ ಮಾಡಿದಲ್ಲೇ ಉದ್ದುದ್ದ ಕೊಯ್ಯಿರಿ. ಕೊನೆಯ ಗಂಟಿನ ಮಡಿಕೆಗಿಂತ 5 ಮಿ.ಮೀ. ಮೊದಲೇ, ತುದಿಯ ಕಡೆಗೇ ನಿಲ್ಲಿಸಿ, ದಾಟಿದರೆ ಇಲ್ಲದ ಕವಚದ ಸೋಂಕನ್ನು ನೀವೇ ತಂದಂತೆ. ಮೀನಿನ ಬಾಯಿಯಂತೆ ತುದಿಯ ಸುತ್ತ ಕೊಯ್ಯುವ ಹಳೇ ಕ್ರಮ ಬೇಡ, ತಿರುಳು ಸತ್ತು ತುದಿ ಜೋತು ಬೀಳುತ್ತದೆ. ಕೀವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ತಿಳಿಯುವ ಪರೀಕ್ಷೆಗೆ) ಕಳಿಸಿ. ಸಿಬಿರು ಎಕ್ಸ್‌ರೇಯಲ್ಲಿ ಕಾಣದು, ಅಲ್ಟ್ರಾಸೌಂಡಿಗೆ ಸಿಗುತ್ತದೆ. ಕವಚದ ಅನುಮಾನವಿದ್ದವರನ್ನು ಕಳಿಸುವಾಗ ಧನುರ್ವಾಯು ಲಸಿಕೆ, ಮೊದಲ ಡೋಸ್ ಆಂಟಿಬಯಾಟಿಕ್ ಕೊಟ್ಟು, ಉಂಗುರ ಬಿಚ್ಚಿಸಿ, ಕೈ ಎತ್ತಿ ಕಟ್ಟಿ. ಊಟ ಮಾಡಿಸಬೇಡಿ. ಎರಡು ಗಂಟೆ ಪ್ರಯಾಣ ಮಾಡಿ ಬಂದವರು ಹೊಟ್ಟೆ ತುಂಬಾ ಉಂಡಿದ್ದರೆ ಅರಿವಳಿಕೆಗೆ ಇನ್ನೂ ಆರು ಗಂಟೆ ಕಾಯಬೇಕಾಗುತ್ತದೆ.