ಮಾಜುಲಿ ಶಿಬಿರಕ್ಕೆ ಹೊರಟ ಮೊದಲ ದಿನವೇ ಎಡವಟ್ಟು. ಈ ಸಲ ಜೋರ್ಹಾಟ್‌ನಲ್ಲಿ ಒಂದು ರಾತ್ರಿ ಉಳಿಯಬೇಕಾ?

ನಾಲ್ಕನೇ ಬ್ಲಾಕ್:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಬೆಂಗಳೂರಿನ ಸಣ್ಣ ತಂಡ. ಇಬ್ಬರು ಡಾಕ್ಟರು, ಒಬ್ಬ ನರ್ಸು, ಉಳಿದ ಎಂಟು ಜನ ನನ್ನ ಹಾಗೆ ಚೀಟಿ ಬರೆಯುವವರು, ಮಾತ್ರೆ ಎಣಿಸಿ ಕೊಡುವವರು. ವರ್ಷಕ್ಕೊಮ್ಮೆ ರಜೆ ಹಾಕಿ ಎಲ್ಲಾದರೂ ಐದು ದಿನ ಆರೋಗ್ಯ ಶಿಬಿರ ಮಾಡುತ್ತೇವೆ. ಕಳೆದ ಡಿಸೆಂಬರಲ್ಲಿ ಅಸ್ಸಾಮಿನ ಮಾಜುಲಿಗೆ ಹೋಗಿದ್ದೆವು. ಬ್ರಹ್ಮಪುತ್ರದ ಮಧ್ಯೆ ಇರುವ ದೊಡ್ಡ ದ್ವೀಪ, ಜೋರ್ಹಾಟ್ ಕಡೆಯಿಂದ ಹೋಗುವವರಿಗೆ ದೋಣಿಯೇ ಗತಿ. ಪ್ರಯಾಣದ ಪ್ಲಾನ್ ಮಾಡಿದ್ದು ನಾನು. ಹಾಗಾಗಿ ಬೈಗುಳವೂ ನನಗೇ.

ಪ್ಲಾನ್ ಏನಪ್ಪಾ ಅಂದರೆ, ಬೆಳಿಗ್ಗೆ 6.10ರ ವಿಮಾನ, ಒಂಬತ್ತೂಕಾಲಿಗೆ ಗುವಾಹಟಿ, ಅಲ್ಲಿಂದ ಟಿಟಿ (ಟೆಂಪೋ ಟ್ರಾವೆಲರ್) ಹತ್ತಿ 300 ಕಿಲೋಮೀಟರ್ ದಾಟಿ ಜೋರ್ಹಾಟ್, ಅದರಾಚೆ ನಿಮಾತಿ ಘಾಟ್, ಸಂಜೆ ನಾಲ್ಕರ ಕೊನೆಯ ದೋಣಿ. ಮ್ಯಾಪ್ ಆರು ಗಂಟೆ ಅಂದಿತು, ನಾನು ನಂಬಿದೆ. "ಮೂರೂವರೆಗೆಲ್ಲಾ ಘಾಟಲ್ಲಿ ಟೀ ಕುಡಿಯುತ್ತಿರುತ್ತೇವೆ" ಅಂತ ಗ್ರೂಪಲ್ಲಿ ಜಂಬದಿಂದ ಹಾಕಿದ್ದೆ. ಆ ಮೆಸೇಜನ್ನು ಇವತ್ತಿಗೂ ಫೋಟೋ ತೆಗೆದು ನನಗೇ ಕಳಿಸುತ್ತಿರುತ್ತಾರೆ.

ಶುರುವಾಗಿದ್ದು ಬೆಂಗಳೂರಲ್ಲೇ. ನಾಲ್ಕು ಗಂಟೆಗೆ ಎಲ್ಲರೂ ಟರ್ಮಿನಲ್ 2ರ ಮುಂದೆ ಇರಬೇಕಿತ್ತು, ಒಬ್ಬರು ಟರ್ಮಿನಲ್ 1ರಲ್ಲಿ ನಿಂತು "ನೀವೆಲ್ಲ ಎಲ್ಲಿದ್ದೀರಿ" ಅಂತ ಫೋನ್ ಮಾಡುತ್ತಿದ್ದಾರೆ. ಅವರು ಶಟಲ್ ಬಸ್ಸು ಹಿಡಿದು ಬರುವಷ್ಟರಲ್ಲಿ ಲಗೇಜ್ ತೂಕದ ರಗಳೆ. ತಲೆಗೆ 15 ಕೆಜಿ, ಆದರೆ ಟಿಕೆಟ್ ಮೂರು ಸಲ ಬೇರೆ ಬೇರೆಯಾಗಿ ಮಾಡಿದ್ದರಿಂದ ಒಟ್ಟು ಲೆಕ್ಕ ಹಿಡಿಯಲಿಲ್ಲ, ಅಲ್ಲೇ ನೆಲದ ಮೇಲೆ ಡಬ್ಬ ಬಿಚ್ಚಿ ಸಿರಪ್ ಬಾಟಲಿಗಳನ್ನು ಒಬ್ಬರ ಬ್ಯಾಗಿಂದ ಇನ್ನೊಬ್ಬರ ಬ್ಯಾಗಿಗೆ ತುಂಬಿದೆವು. ಅದಾದ ಮೇಲೆ ಸ್ಕ್ಯಾನಿಂಗ್‌ನಿಂದ ಕರೆ ಬಂತು. ಸರ್ಜಿಕಲ್ ಸ್ಪಿರಿಟ್ ಹೋಯಿತು. ಹಿರಿಯ ಡಾಕ್ಟರ ಮೂವತ್ತು ವರ್ಷದ ಪಾದರಸದ ಬಿಪಿ ಮಿಷನ್ ಹೋಯಿತು (ಪಾಪ, ಅಳುವುದೊಂದು ಬಾಕಿ). ಕೊನೆಗೆ ನಮ್ಮ ತಿಪಟೂರಿನ ಹುಡುಗ ಅಲ್ಲಿನವರಿಗೆ ಕೊಡೋಣ ಅಂತ ತಂದಿದ್ದ ಐದು ಕೆಜಿ ಕೊಬ್ಬರಿಯೂ ಹೋಯಿತು.

ಗುವಾಹಟಿಯಲ್ಲಿ ಮಂಜು ಕವಿದಿತ್ತು. ಒಂದು ಮುಕ್ಕಾಲು ಗಂಟೆ ತಡ. ಇಳಿದು ನೋಡಿದರೆ ಒಂದು ಡಬ್ಬ ಬಂದಿಲ್ಲ, ಅದರಲ್ಲೇ ಎಲ್ಲಾ ಶುಗರ್ ಸ್ಟ್ರಿಪ್. ಹೊರಟಾಗ ಹನ್ನೆರಡೂಕಾಲು. ಎಷ್ಟೇ ಓಡಿಸಿದರೂ ದೋಣಿ ಸಿಗಲ್ಲ ಅಂತ ಡ್ರೈವರಿಗೆ ಆಗಲೇ ಗೊತ್ತಿತ್ತು ಅನಿಸುತ್ತೆ, ಆದರೆ ನಾವು ಹನ್ನೊಂದು ಜನ ಹಿಂದೆ ಕೂತು ಲೆಕ್ಕ ಹಾಕುತ್ತಲೇ ಇದ್ದೆವು. ಘಾಟ್ ತಲುಪಿದಾಗ ಏಳು ದಾಟಿತ್ತು. ಕಗ್ಗತ್ತಲೆ, ನಾಯಿ, ಒಂದು ಟೀ ಅಂಗಡಿ, ಅದೂ ಬಾಗಿಲು ಹಾಕುತ್ತಿತ್ತು. ನಮ್ಮಲ್ಲೊಬ್ಬರು "ಜಾಸ್ತಿ ದುಡ್ಡು ಕೊಟ್ಟರೆ ಯಾರಾದರೂ ದಾಟಿಸುತ್ತಾರೆ" ಅಂದರು, ಅದಕ್ಕೆ ದೊಡ್ಡ ಜಗಳ. ಕೊನೆಗೆ ವಾಪಸ್ ಜೋರ್ಹಾಟ್, ಸಿಕ್ಕ ಲಾಡ್ಜಲ್ಲಿ ಮೂರು ರೂಮು.

ನನ್ನನ್ನು ಈಗಲೂ ಚುಚ್ಚುವುದು ಇದ್ಯಾವುದೂ ಅಲ್ಲ. ಮಾರನೇ ದಿನ ನಾವು ಶಿಬಿರದ ಜಾಗಕ್ಕೆ ಹೋದಾಗ ಹನ್ನೊಂದೂವರೆ. ಬೆಳಿಗ್ಗೆ ಎಂಟಕ್ಕೇ ಬಂದು ಕೂತಿದ್ದ ಅಜ್ಜಿಯರು ಬಿಸಿಲಲ್ಲಿ ಇನ್ನೂ ಕೂತಿದ್ದರು, ಕೆಲವರು ಎದ್ದು ಮನೆಗೆ ಹೋಗಿದ್ದರು.

ಬರುವ ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಜೋರ್ಹಾಟಲ್ಲಿ ಒಂದು ರಾತ್ರಿ ಪ್ಲಾನಲ್ಲೇ ಇಟ್ಟುಬಿಡೋಣ ಅಂದರೆ, ದುಡ್ಡು ಕೊಡುವವರಲ್ಲಿ ಇಬ್ಬರು "ಸೇವೆಗೆ ಹೋಗುವವರಿಗೆ ಲಾಡ್ಜ್ ಯಾಕೆ" ಅನ್ನುತ್ತಿದ್ದಾರೆ. ಆ ಕಡೆ ಓಡಾಡಿದವರು ಹೇಳಿ, ಒಂದೇ ದಿನದಲ್ಲಿ ಮುಟ್ಟುವ ದಾರಿ ಏನಾದರೂ ಇದೆಯಾ?

---

ಗುವಾಹಟಿ ಗೌಡ್ರು:

ಮೇಡಂ, ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ನಿಮ್ಮ ಪ್ಲಾನ್ ಓದಿ ನಗು ಬಂತು, ಕ್ಷಮಿಸಿ. ಮೊದಲ ವರ್ಷ ನಾನೂ ಹೀಗೇ ಎಡವಿದ್ದೆ.

ನಮ್ಮವರು ಮರೆಯುವುದು ಸೂರ್ಯನನ್ನು. ಗಡಿಯಾರ ಒಂದೇ, ಆದರೆ ಜೋರ್ಹಾಟ್ ಬೆಂಗಳೂರಿಗಿಂತ ಎಷ್ಟೋ ಪೂರ್ವಕ್ಕಿದೆ. ಡಿಸೆಂಬರಲ್ಲಿ ಅಲ್ಲಿ ನಾಲ್ಕೂವರೆಗೆಲ್ಲಾ ಸೂರ್ಯ ಮುಳುಗುತ್ತಾನೆ, ನಮ್ಮೂರಲ್ಲಿ ಆಗ ಇನ್ನೂ ಬಿಸಿಲು. ಇಲ್ಲಿನ ಟೀ ತೋಟಗಳಲ್ಲಿ ಬ್ರಿಟಿಷರ ಕಾಲದಿಂದಲೂ ಗಡಿಯಾರ ಒಂದು ಗಂಟೆ ಮುಂದಿಟ್ಟುಕೊಂಡು ಕೆಲಸ ಮಾಡುತ್ತಾರೆ, ಬಾಗಾನ್ ಟೈಮ್ ಅಂತ. ಊರು ಏಳುವುದೂ ಬೇಗ, ಮಲಗುವುದೂ ಬೇಗ. ಎಂಟಕ್ಕೇ ಅಜ್ಜಿಯರು ಬಂದು ಕೂತಿದ್ದರು ಅಂದಿರಲ್ಲ, ಅವರ ಲೆಕ್ಕದಲ್ಲಿ ಅದು ಬೆಳಿಗ್ಗೆ ಅಲ್ಲವೇ ಅಲ್ಲ.

ಇನ್ನು ರಸ್ತೆ. ನಡುವೆ ಕಾಜಿರಂಗಾ ಸಿಗುತ್ತದೆ. ಪ್ರಾಣಿಗಳು ದಾಟುವ ಜಾಗಗಳಲ್ಲಿ ಗಂಟೆಗೆ 40 ಕಿಲೋಮೀಟರ್ ಮಿತಿ, ಮೀರಿದರೆ ದಂಡ. ಘೇಂಡಾಮೃಗಕ್ಕೆ ನಿಮ್ಮ ದೋಣಿಯ ಟೈಮ್ ಗೊತ್ತಿರಲ್ಲ. ಊಟ, ಟೀ ಎಲ್ಲಾ ಸೇರಿ ಏಳೂವರೆ ಗಂಟೆ ಇಟ್ಟುಕೊಳ್ಳಿ.

ರಾತ್ರಿ ದುಡ್ಡು ಕೊಟ್ಟು ದಾಟುವ ಮಾತು ಯಾರಾದರೂ ಇನ್ನೊಮ್ಮೆ ಎತ್ತಿದರೆ ಬಾಯಿ ಮುಚ್ಚಿಸಿ. 2021ರ ಸೆಪ್ಟೆಂಬರ್ 8ರಂದು ಇದೇ ನಿಮಾತಿ ಘಾಟ್ ಹತ್ತಿರ ಎರಡು ದೋಣಿ ಡಿಕ್ಕಿ ಹೊಡೆದು ಒಂದು ಮುಳುಗಿತು, ಅದೂ ಹಗಲಲ್ಲಿ. ಆಮೇಲೆ ಒಂದೇ ಎಂಜಿನ್ ಇರುವ ಖಾಸಗಿ ದೋಣಿಗಳನ್ನು ಸರ್ಕಾರ ನಿಲ್ಲಿಸಿತು. ಸೇತುವೆಗೆ ಅದೇ ವರ್ಷ ಫೆಬ್ರವರಿಯಲ್ಲಿ ಭೂಮಿಪೂಜೆ ಆಗಿದೆ, 8 ಕಿಲೋಮೀಟರ್ ಉದ್ದದ್ದು. ನೀವು ಅದನ್ನು ನಂಬಿ ಪ್ಲಾನ್ ಮಾಡಬೇಡಿ.

ಜೋರ್ಹಾಟಿಗೂ ವಿಮಾನ ನಿಲ್ದಾಣ ಇದೆ, ಕೋಲ್ಕತ್ತಾ ಮೇಲೆ ಬರಬಹುದು. ಆದರೆ ಜನವರಿ ಮಂಜಲ್ಲಿ ಎರಡು ವಿಮಾನ ನಂಬುವುದಕ್ಕಿಂತ ಒಂದು ವಿಮಾನ, ಒಂದು ರಾತ್ರಿ ನಿದ್ದೆ, ಬೆಳಗಿನ ಮೊದಲ ದೋಣಿ ವಾಸಿ. ದೋಣಿ ಟೈಮ್ ನೀರಿನ ಮಟ್ಟ ನೋಡಿ ಬದಲಾಗುತ್ತದೆ, ಹಿಂದಿನ ದಿನ ಘಾಟಿಗೆ ಯಾರನ್ನಾದರೂ ಕಳಿಸಿ ಕೇಳಿಸಿ. ನನಗೆ ಮೆಸೇಜ್ ಹಾಕಿದರೂ ಆಯಿತು.

---

ಬೆಲ್ಟ್ ನಂಬರ್ ಮೂರು:

ಹಿಂದೆ ವಿಮಾನ ನಿಲ್ದಾಣದ ಲಗೇಜ್ ಕಡೆ ಕೆಲಸ ಮಾಡಿದ್ದೇನೆ. ಎಲ್ಲಿ ಅಂತ ಕೇಳಬೇಡಿ.

ಡಾಕ್ಟರಿಗೆ ಸಮಾಧಾನ ಹೇಳಿ, ಅದು ಕಿರಿಕಿರಿಗೆ ಮಾಡಿದ್ದಲ್ಲ. ಪಾದರಸ ಚೆಲ್ಲಿದರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ವಿಮಾನದ ಮೈಯೆಲ್ಲಾ ಅದೇ. ಸ್ಪಿರಿಟ್ ಬೆಂಕಿ, ಗೊತ್ತಿರುವುದೇ. ಕೊಬ್ಬರಿಯಲ್ಲೂ ಎಣ್ಣೆ ಜಾಸ್ತಿ, ಹಾಗಾಗಿ ಅದೂ ಬೆಂಕಿ ಹತ್ತುವ ಸಾಮಾನಿನ ಲೆಕ್ಕ. ಎಷ್ಟು ಜನ ಈ ವಿಷಯಕ್ಕೆ ಕೌಂಟರ್ ಮುಂದೆ ಜಗಳ ಆಡಿದ್ದಾರೆ ಅಂತೀರಿ! ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು, ಡಬ್ಬದಲ್ಲಿ ಹಾಕಿದರೆ ಎಲ್ಲಾ ಬಿಚ್ಚಿಸುತ್ತಾರೆ.

ಕಳೆದುಹೋದ ಡಬ್ಬದ ವಿಷಯ. ಬೆಲ್ಟಿನ ಹತ್ತಿರವೇ ದೂರು ಬರೆಸಿ ನಂಬರ್ ತಗೊಳ್ಳಿ, ಹೊರಗೆ ಬಂದ ಮೇಲೆ ಹೇಳಿದರೆ ಕೇಳುವವರಿಲ್ಲ. ವಿಳಾಸಕ್ಕೆ ಜೋರ್ಹಾಟಿನದ್ದು ಕೊಡಿ, ದ್ವೀಪದ್ದು ಕೊಟ್ಟರೆ ಡಬ್ಬ ನಿಮಗಿಂತ ಒಂದು ವಾರ ತಡ ಬರುತ್ತದೆ. ಒಂದೇ ಥರದ ಸಾಮಾನನ್ನು ಒಂದೇ ಡಬ್ಬಕ್ಕೆ ತುಂಬುವುದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಆ ಡಬ್ಬ ಹೋದರೆ ಶಿಬಿರವೇ ಹೋಯಿತು. ನಾಲ್ಕು ಡಬ್ಬಕ್ಕೂ ಸ್ವಲ್ಪ ಸ್ವಲ್ಪ ಹಂಚಿ. ಹನ್ನೊಂದೂ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ, ಆಗ ಸಾಮಾನ್ಯವಾಗಿ ತೂಕ ಒಟ್ಟಿಗೆ ಹಿಡಿಯುತ್ತಾರೆ.

---

ಸುಮ್ನೆ ಕೇಳ್ದೆ:

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಮಾತ್ರೆ ಎಣಿಸಲು ಬೆಂಗಳೂರಿಂದ ಎಂಟು ಜನ ಯಾಕೆ? ಎಂಟು ವಿಮಾನ ಟಿಕೆಟ್ ದುಡ್ಡಿಗೆ ಜೋರ್ಹಾಟಲ್ಲೇ ಎಷ್ಟು ಔಷಧಿ ಬರುತ್ತೆ, ಯೋಚನೆ ಮಾಡಿ. ಜೋರ್ಹಾಟ್ ಏನು ಕಾಡಾ, ಮೆಡಿಕಲ್ ಕಾಲೇಜೇ ಇದೆ. 2018ರ ಆಗಸ್ಟಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನೂ ಹುರುಪಿನಲ್ಲಿ ಕಾರು ತಗೊಂಡು ಹೊರಟವನೇ. ಕುಶಾಲನಗರದಲ್ಲಿ ನನ್ನಂಥವರ ಗಾಡಿಗಳದ್ದೇ ಸಾಲು, ಡಿಕ್ಕಿ ತುಂಬಾ ಹಳೇ ಬಟ್ಟೆ. ಪರಿಹಾರ ಕೇಂದ್ರದವರು ನಮಗೆ ಊಟ ಹಾಕಿ ವಾಪಸ್ ಕಳಿಸಿದರು. ಸಿಟ್ಟಾಗಬೇಡಿ, ನೋಡಿದ್ದು ಹೇಳಿದೆ.

---

ನಾಲ್ಕನೇ ಬ್ಲಾಕ್:

ಸಿಟ್ಟಿಲ್ಲ ಸರ್. ಚುಚ್ಚಿತು, ಅದು ನಿಜ. ಎಂಟು ಜನರಲ್ಲಿ ಇಬ್ಬರಿಗೆ ಅಸ್ಸಾಮಿ ಬರುತ್ತೆ, ಅವರಿಲ್ಲದೆ ಡಾಕ್ಟರು ಮೂಕರು. ಉಳಿದವರ ಬಗ್ಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ, ನನ್ನನ್ನೂ ಸೇರಿಸಿ. ನಿನ್ನೆ ರಾತ್ರಿ ಮೀಟಿಂಗಲ್ಲಿ ಇದನ್ನೇ ಓದಿ ಹೇಳಿದೆ. ಅರ್ಧ ಗಂಟೆ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಮೂವರು ತಾವಾಗಿಯೇ ಹಿಂದೆ ಸರಿದರು. ಈಗ ಡಾಕ್ಟರು, ನರ್ಸು ಎಲ್ಲಾ ಸೇರಿ ಎಂಟೇ ಜನ. ಔಷಧಿ ಜೋರ್ಹಾಟಲ್ಲೇ ಕೊಳ್ಳುತ್ತೇವೆ, ಸ್ಪಿರಿಟ್ಟೂ ಅಲ್ಲೇ. ಮೂರು ಟಿಕೆಟ್ ಉಳಿದಿದ್ದರಲ್ಲಿ ಲಾಡ್ಜ್ ಬಿಲ್ ಸಲೀಸಾಗಿ ಕಟ್ಟಬಹುದು, ದಾನಿಗಳೂ ಒಪ್ಪಿದರು. ಗೌಡ್ರೇ, ನಿಮಗೆ ಮೆಸೇಜ್ ಹಾಕಿದ್ದೇನೆ, ಘಾಟಿನ ಟೈಮ್ ಒಂದು ಕೇಳಿ ಹೇಳಿ. ಶಿಬಿರ ಶುರುವಾಗುವುದು ಎರಡನೇ ದಿನ ಮಧ್ಯಾಹ್ನ ಅಂತಲೇ ಊರಿನವರಿಗೆ ಹೇಳಿಸಿದ್ದೇವೆ. ಬೇಗ ಮುಟ್ಟಿದರೆ ಬೇಗ ಶುರು ಮಾಡಿದರಾಯಿತು.

---

ಕಲ್ಪತರು ನಾಡು:

ಅಕ್ಕಾ, ಆ ಕೊಬ್ಬರಿ ನಂದೇ. ಅಮ್ಮ ಇವತ್ತಿಗೂ ಕೇಳ್ತಾರೆ, ಅಲ್ಲಿನವರಿಗೆ ಇಷ್ಟ ಆಯ್ತಾ ಅಂತ. ಆಯ್ತು ಅಂದುಬಿಟ್ಟಿದ್ದೇನೆ. ಈ ಸಲ ಪುರಿ ಉಂಡೆ ಕಟ್ಟಿಸುತ್ತಿದ್ದಾರೆ. ಬೆಲ್ಟ್ ನಂಬರ್ ಮೂರು ಅಣ್ಣ, ಪುರಿ ಉಂಡೆಗೆ ಏನೂ ತಕರಾರಿಲ್ಲ ತಾನೇ?